ಇಂಟರ್‌ನೆಟ್‌ಗೆ ಜೋಡಿಸಿದ ಸ್ಮಾರ್ಟ್ ಆಯುಧಗಳ ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಆಯುಧವನ್ನು ಸ್ಮಾರ್ಟ್ ಎನ್ನುವುದು?

ಒಳಗೊಂದು ಪ್ರೊಸೆಸರ್ ಇದ್ದು, ಹೊರಗಿನ ಇನ್ನೊಂದು ಸಾಧನದ ಜೊತೆ ಮಾತಾಡುವ ಆಯುಧಗಳೆಲ್ಲ ಇಲ್ಲಿಯ ಲೆಕ್ಕಕ್ಕೆ ಬರುತ್ತವೆ. ಗುರಿಯ ಲೆಕ್ಕವನ್ನು ತಾನೇ ಹಾಕುವ ಸ್ಕೋಪ್ ಇರುವ ರೈಫಲ್, ಮಾಲೀಕರ ಕೈಗೆ ಮಾತ್ರ ಬಿಚ್ಚಿಕೊಳ್ಳುವ ಪಿಸ್ತೂಲು, ಫೋನಿನಿಂದ ತೆರೆಯುವ ಬಂದೂಕಿನ ಪೆಟ್ಟಿಗೆ, ಡ್ರೋನ್, ಉಪಗ್ರಹದ ಸಂಕೇತ ನೋಡಿ ದಾರಿ ತಿದ್ದಿಕೊಳ್ಳುವ ಶೆಲ್. ನೇರವಾಗಿ ಇಂಟರ್‌ನೆಟ್‌ಗೆ ಅಂಟಿಕೊಂಡಿರುವ ಆಯುಧಗಳು ಕಡಿಮೆ. ಆದರೆ ವೈ-ಫೈ, ಬ್ಲೂಟೂತ್, ಯುಎಸ್‌ಬಿ ಯಾವುದರ ಮೂಲಕ ಜೋಡಿಸಿದರೂ ಆಚೆ ತುದಿಯಲ್ಲಿ ಒಂದು ಫೋನೋ ಲ್ಯಾಪ್‌ಟಾಪೋ ಇರುತ್ತದೆ, ಅದು ಇಂಟರ್‌ನೆಟ್‌ನಲ್ಲಿರುತ್ತದೆ. ದಾಳಿಗೆ ಅಷ್ಟು ದಾರಿ ಸಾಕು.

ದೂರದಲ್ಲಿ ಕುಳಿತ ಹ್ಯಾಕರ್ ನನ್ನ ಬಂದೂಕಿನಿಂದ ಗುಂಡು ಹಾರಿಸಬಲ್ಲನೇ?

ಕುದುರೆ (ಟ್ರಿಗರ್) ಎಳೆಯುವ ಕೆಲಸ ಪೂರ್ತಿ ಯಾಂತ್ರಿಕವಾಗಿದ್ದರೆ ಆಗದು. ಇದುವರೆಗೆ ಬಹಿರಂಗವಾಗಿ ಪರೀಕ್ಷೆಗೊಳಗಾದ ಕೈಬಂದೂಕುಗಳಲ್ಲಿ ಬೆರಳು ಎಳೆಯದೆ ಗುಂಡು ಹಾರಲಿಲ್ಲ. ಆ ಬೆರಳು ಮತ್ತು ಗುಂಡನ್ನು ಸಿಡಿಸುವ ಫೈರಿಂಗ್ ಪಿನ್‌ಗಳ ನಡುವೆ ಲೋಹದ ಕೊಂಡಿ ಇರುವವರೆಗೆ ಸಾಫ್ಟ್‌ವೇರ್‌ಗೆ ತಡೆಯುವ ಶಕ್ತಿ ಇರಬಹುದು, ಹಾರಿಸುವ ಶಕ್ತಿ ಇರದು. ಆ ಕೊಂಡಿಯನ್ನು ತೆಗೆದು ವಿದ್ಯುತ್ ಸಂಕೇತ ಹಾಕಿದ ವಿನ್ಯಾಸ, ಅಂದರೆ ದೂರನಿಯಂತ್ರಿತ ಗೋಪುರ ಅಥವಾ ಶಸ್ತ್ರಸಜ್ಜಿತ ಡ್ರೋನ್, ಬೇರೆಯೇ ವರ್ಗ. ಅಲ್ಲಿ ಈ ಪ್ರಶ್ನೆಗೆ ಉತ್ತರ “ಹೌದು, ಸಾಧ್ಯ” ಎಂದೇ ಇಟ್ಟುಕೊಂಡು ವಿನ್ಯಾಸ ಶುರು ಮಾಡಬೇಕು.

ಆದರೂ ಜನರ ಭಯ ಈ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿರುವುದು ಸರಿಯಲ್ಲ. ಬೇಕಾದಾಗ ಹಾರದಿರುವುದು, ಹಾರಿ ಬೇರೆಡೆ ಬೀಳುವುದು, ಹೊತ್ತವರ ಜಾಗವನ್ನು ಬಿಟ್ಟುಕೊಡುವುದು, ಬೀಗ ಹಾಕಿದೆ ಎಂದು ತೋರಿಸುತ್ತ ತೆರೆದಿರುವುದು: ಈ ನಾಲ್ಕೂ ಹೆಚ್ಚು ಸುಲಭ, ಹೆಚ್ಚು ಸಂಭವನೀಯ.

ಗುರಿ ತಪ್ಪಿಸುವುದು ಹೇಗೆ ಸಾಧ್ಯ?

ಇದಕ್ಕೆ 2015ರ ಟ್ರ್ಯಾಕಿಂಗ್‌ಪಾಯಿಂಟ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಟೆಕ್ಸಸ್‌ನ ಈ ಕಂಪನಿಯ ಟಿಪಿ750 ರೈಫಲ್‌ಗೆ ಆಗ ಸುಮಾರು 13,000 ಡಾಲರ್ ಬೆಲೆ ಇತ್ತು. ಅದರ ಸ್ಕೋಪ್ ಒಳಗೆ ಲಿನಕ್ಸ್ ಎಂಬ ಕಾರ್ಯಾಚರಣೆ ತಂತ್ರಾಂಶ ಓಡುತ್ತಿತ್ತು. ಶೂಟರ್ ಗುರಿಯನ್ನು ಗುರುತು ಹಾಕಿ ಕುದುರೆ ಎಳೆದು ಹಿಡಿದರೆ, ನಳಿಗೆ ಸರಿಯಾದ ಬಿಂದುವಿಗೆ ಬಂದ ಕ್ಷಣದಲ್ಲಿ ಗುಂಡು ಹಾರುತ್ತಿತ್ತು. ಗಾಳಿ, ಉಷ್ಣಾಂಶ, ಗುಂಡಿನ ತೂಕ ಎಲ್ಲವೂ ಲೆಕ್ಕದೊಳಗೆ ಸೇರುತ್ತಿದ್ದವು.

ರೂನಾ ಸ್ಯಾಂಡ್‌ವಿಕ್ ಮತ್ತು ಮೈಕೆಲ್ ಆಗರ್ ಎಂಬ ಸಂಶೋಧಕರು ಆ ವರ್ಷದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಅದರ ದೌರ್ಬಲ್ಯ ತೋರಿಸಿದರು. ರೈಫಲ್‌ನ ವೈ-ಫೈ ಮೊದಲಿಗೆ ಆಫ್ ಇರುತ್ತಿತ್ತು, ಅದು ಒಳ್ಳೆಯದೇ. ಆನ್ ಮಾಡಿದ ಮೇಲೆ ಮಾತ್ರ ಡೀಫಾಲ್ಟ್ ಪಾಸ್‌ವರ್ಡ್ ಗೊತ್ತಿದ್ದ ಯಾರು ಬೇಕಾದರೂ ಸೇರಬಹುದಿತ್ತು. ಸೇರಿದವರು ಲೆಕ್ಕದ ಸಂಖ್ಯೆಗಳನ್ನು ಬದಲಿಸಬಹುದಿತ್ತು. ಗುಂಡಿನ ತೂಕವನ್ನು 0.4 ಔನ್ಸ್‌ನಿಂದ 72 ಪೌಂಡ್‌ಗೆ, ಅಂದರೆ ಸುಮಾರು 11 ಗ್ರಾಂನಿಂದ 33 ಕಿಲೊಗೆ ಏರಿಸಿದಾಗ, ಗುಂಡು ಎರಡೂವರೆ ಅಡಿ ಎಡಕ್ಕೆ ಸರಿದು ಪಕ್ಕದ ಗುರಿಗೆ ಬಡಿಯಿತು. ಇನ್ನೂ ಆಳಕ್ಕೆ ಹೋಗಿ ರೂಟ್ ಅಧಿಕಾರ (ಪೂರ್ತಿ ಹಿಡಿತ) ಪಡೆದು, ಗುರಿಯ ಕಂಪ್ಯೂಟರನ್ನು ನಿರುಪಯುಕ್ತ ಮಾಡುವುದನ್ನೂ ಫೈರಿಂಗ್ ಪಿನ್ ಚಲಿಸದಂತೆ ತಡೆಯುವುದನ್ನೂ ಅವರು ತೋರಿಸಿದರು.

ಇಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ, ಒಂದನ್ನು ಸರಿಪಡಿಸಿದರೆ ಉಳಿದವು ಹೋಗುವುದಿಲ್ಲ. ಮೊದಲನೆಯದು ಪಾಸ್‌ವರ್ಡ್. ಎರಡನೆಯದು, 33 ಕಿಲೊ ತೂಕದ ಗುಂಡನ್ನು ರೈಫಲ್ ನಂಬಿದ್ದು. ಪ್ರತಿ ಸಂಖ್ಯೆಗೂ ಭೌತಿಕವಾಗಿ ಸಾಧ್ಯವಾದ ಕನಿಷ್ಠ, ಗರಿಷ್ಠ ಮಿತಿ ಹಾಕಿದ್ದರೆ ಆ ಪ್ರದರ್ಶನ ಅಲ್ಲೇ ನಿಲ್ಲುತ್ತಿತ್ತು. ಮೂರನೆಯದು ಇನ್ನೂ ಕಷ್ಟದ್ದು: ಮಿತಿಯೊಳಗಿನ ಸುಳ್ಳು. 800 ಮೀಟರ್ ದೂರದಲ್ಲಿ ಒಂದು ಮಿಲಿರೇಡಿಯನ್‌ನಷ್ಟು ಸಣ್ಣ ಕೋನದ ತಪ್ಪು ಎಂದರೆ 80 ಸೆಂಟಿಮೀಟರ್. ಗಾಳಿಯ ವೇಗದಲ್ಲೋ ಉಷ್ಣಾಂಶದಲ್ಲೋ ಸಹಜವಾಗಿ ಕಾಣುವ ಸಣ್ಣ ಬದಲಾವಣೆ ಮಾಡಿದರೆ ಮಿತಿಯ ಪರೀಕ್ಷೆ ಅದನ್ನು ಹಿಡಿಯದು. ಅದಕ್ಕೇ ಪ್ರತಿ ಬದಲಾವಣೆಯೂ ಯಾವ ಸಾಧನದಿಂದ ಬಂತು ಎಂಬ ದೃಢೀಕರಣ ಬೇಕು. ಕಳೆದ ಬಾರಿಯಿಂದ ಏನು ಬದಲಾಗಿದೆ ಎಂದು ಹಾರಿಸುವ ಮುನ್ನ ಸ್ಕೋಪ್‌ನಲ್ಲೇ ತೋರಿಸಬೇಕು. ಶೂಟರ್ ಒಪ್ಪದೆ ಹೊಸ ಸಂಖ್ಯೆ ಜಾರಿಗೆ ಬರಬಾರದು.

ಕೈಗಡಿಯಾರವೋ ಉಂಗುರವೋ ಹತ್ತಿರವಿದ್ದರೆ ಮಾತ್ರ ಹಾರುವ ಪಿಸ್ತೂಲು ಸುರಕ್ಷಿತವಲ್ಲವೇ?

ಮಗುವಿನ ಕೈಗೆ ಸಿಕ್ಕ ಪಿಸ್ತೂಲನ್ನು ತಡೆಯುವ ಮಟ್ಟಿಗೆ ಇದು ಕೆಲಸ ಮಾಡಬಹುದು. ಉದ್ದೇಶಪೂರ್ವಕವಾಗಿ ಬಂದ ದಾಳಿಕೋರನ ಎದುರು ಸಾಲದು. ಜರ್ಮನಿಯ ಅರ್ಮಾಟಿಕ್ಸ್ ಕಂಪನಿಯ ಐಪಿ1 ಪಿಸ್ತೂಲು ತನ್ನ ಜೊತೆಗಿನ ಗಡಿಯಾರ ಸುಮಾರು 25 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ಹಾರಬೇಕಿತ್ತು. 2017ರ ಡೆಫ್ ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಪ್ಲೋರ್ ಎಂಬ ಅಡ್ಡಹೆಸರಿನ ಸಂಶೋಧಕ ಅದನ್ನು ಮೂರು ದಿಕ್ಕಿನಿಂದ ಮುರಿದು ತೋರಿಸಿದ. ಗಡಿಯಾರದ ಸಂಕೇತವನ್ನು ಎರಡು ಅಗ್ಗದ ರೇಡಿಯೊಗಳಿಂದ ಮುಂದಕ್ಕೆ ದಾಟಿಸಿ, ಸುಮಾರು 12 ಅಡಿ ದೂರದಲ್ಲಿದ್ದರೂ ಪಿಸ್ತೂಲು ಒಪ್ಪುವಂತೆ ಮಾಡಿದ್ದು ಒಂದು. ಅದೇ ಕಂಪನಾಂಕದಲ್ಲಿ ಗದ್ದಲ ಎಬ್ಬಿಸಿ ಮಾಲೀಕನ ಕೈಯಲ್ಲೇ ಪಿಸ್ತೂಲು ಹಾರದಂತೆ ಮಾಡಿದ್ದು ಇನ್ನೊಂದು. ಮೂರನೆಯದಕ್ಕೆ ರೇಡಿಯೊವೇ ಬೇಕಿರಲಿಲ್ಲ: ಸುಮಾರು 15 ಡಾಲರ್ ಬೆಲೆಯ ಕಾಂತಗಳು ಒಳಗಿನ ಲೋಹದ ತಡೆಯನ್ನು ಪಕ್ಕಕ್ಕೆ ಸರಿಸಿದವು.

ಮೂರನೆಯದೇ ಹೆಚ್ಚು ನೆನಪಿಡಬೇಕಾದದ್ದು. ಎನ್‌ಕ್ರಿಪ್ಷನ್ (ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು) ಎಷ್ಟು ಗಟ್ಟಿಯಾಗಿದ್ದರೂ ಕೊನೆಗೆ ಬೀಗವನ್ನು ಹಿಡಿದಿರುವುದು ವಿದ್ಯುತ್‌ಕಾಂತದಿಂದ ಚಲಿಸುವ ಒಂದು ಸಣ್ಣ ಸೊಲೆನಾಯ್ಡ್ ಅಥವಾ ಮೋಟರು. ಹೊರಗಿನ ಕಾಂತಕ್ಕೆ, ಬಡಿತಕ್ಕೆ, ಕಂಪನಕ್ಕೆ ಅದು ಬಗ್ಗುತ್ತದೆಯೇ ಎಂದು ನೋಡದೆ ಸಾಫ್ಟ್‌ವೇರ್ ಪರೀಕ್ಷೆ ಮಾತ್ರ ಮಾಡಿದರೆ ಅರ್ಧ ಪರೀಕ್ಷೆ ಮಾಡಿದಂತೆ. ಕಾಂತಕ್ಕೆ ಪ್ರತಿಕ್ರಿಯಿಸದ ಲೋಹದಿಂದ ತಡೆ ಮಾಡುವುದು, ಹೊರಗಿನ ಕಾಂತಕ್ಷೇತ್ರ ಬಂದರೆ ಇನ್ನಷ್ಟು ಬಿಗಿಯುವ ಎರಡನೇ ತಡೆ ಇಡುವುದು, ಕಾಂತಕ್ಷೇತ್ರ ಗುರುತಿಸುವ ಸೆನ್ಸರ್ ಹಾಕುವುದು ತಿಳಿದ ಪರಿಹಾರಗಳು.

ಸಂಕೇತವನ್ನು ಮುಂದೆ ದಾಟಿಸುವ ದಾಳಿಯನ್ನು ತಡೆಯಲು ಆಗುವುದಿಲ್ಲವೇ?

ಆಗುತ್ತದೆ, ಆದರೆ ಸಂಕೇತದ ಬಲ ನೋಡಿ ದೂರ ಊಹಿಸುವ ಪದ್ಧತಿಯನ್ನು ಬಿಡಬೇಕು. ಬಲವನ್ನು ಆಂಪ್ಲಿಫೈಯರ್ ಹೆಚ್ಚಿಸಬಲ್ಲದು, ಸಮಯವನ್ನು ಯಾರೂ ಹಿಂದಕ್ಕೆ ಎಳೆಯಲಾರರು. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡ್‌ನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ತಗುಲಿದ ಸಮಯವನ್ನು ಅಷ್ಟು ಸೂಕ್ಷ್ಮವಾಗಿ ಅಳೆದರೆ, ನಡುವೆ ಸೇರಿದ ರೇಡಿಯೊಗಳ ವಿಳಂಬ ಸಿಕ್ಕಿಬೀಳುತ್ತದೆ. 2020ರಲ್ಲಿ ಬಂದ ಐಇಇಇ 802.15.4ಝಡ್ ಎಂಬ ರೇಡಿಯೊ ಮಾನದಂಡದ ಅಲ್ಟ್ರಾ-ವೈಡ್‌ಬ್ಯಾಂಡ್ ಚಿಪ್‌ಗಳು ಇದಕ್ಕೆಂದೇ ಇವೆ. ಗದ್ದಲ ಎಬ್ಬಿಸುವ ಜ್ಯಾಮಿಂಗ್‌ಗೆ ಮಾತ್ರ ಇದು ಮದ್ದಲ್ಲ.

ಹಾಗಾದರೆ ಸಂಪರ್ಕ ಕಡಿದಾಗ ಬೀಗ ತೆರೆದಿರಬೇಕೋ ಮುಚ್ಚಿರಬೇಕೋ?

ವಿನ್ಯಾಸಕಾರರು ಮುಂದೂಡುತ್ತ ಹೋಗಿ, ಕೊನೆಗೆ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಬರೆಯುವವರು ಯಾರನ್ನೂ ಕೇಳದೆ ನಿರ್ಧರಿಸಿಬಿಡುವ ಪ್ರಶ್ನೆ ಇದು. ಹಾಗಾಗಬಾರದು. ಯಾರ ಕೈಗೆ ಆಯುಧ ಹೋಗುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಅದನ್ನು ಬರಹದಲ್ಲಿ ಮೊದಲೇ ತೀರ್ಮಾನಿಸಬೇಕು.

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ 2016ರ ನವೆಂಬರ್‌ನಲ್ಲಿ ಪೊಲೀಸರ ಸ್ಮಾರ್ಟ್ ಪಿಸ್ತೂಲಿಗೆ ಕನಿಷ್ಠ ಅಗತ್ಯಗಳ ಪಟ್ಟಿ ಪ್ರಕಟಿಸಿತು. ಭದ್ರತಾ ಸಾಧನ ಕೆಟ್ಟರೆ ಪಿಸ್ತೂಲು ಹಾರುವ ಸ್ಥಿತಿಯಲ್ಲೇ ಇರಬೇಕು ಎಂಬುದು ಅದರ ನಿಲುವು. ಪೊಲೀಸರ ಮಟ್ಟಿಗೆ ಅದು ಅರ್ಥವಾಗುವ ಮಾತು, ಏಕೆಂದರೆ ಬ್ಯಾಟರಿ ಸತ್ತ ಕಾರಣಕ್ಕೆ ಪ್ರಾಣ ಹೋಗಬಾರದು. ಮನೆಯಲ್ಲಿ ಮಕ್ಕಳಿಂದ ದೂರವಿಡಬೇಕಾದ ಪಿಸ್ತೂಲಿಗೆ ಅದೇ ನಿಯಮ ಹಾಕಿದರೆ, ಬ್ಯಾಟರಿ ಕಿತ್ತವರಿಗೆಲ್ಲ ಬೀಗ ತೆರೆದುಕೊಟ್ಟಂತೆ.

ಇನ್ನೂ ಒಂದು ತೊಡಕಿದೆ. ತಾನಾಗಿ ಕೆಟ್ಟದ್ದಕ್ಕೂ ಯಾರೋ ಕೆಡಿಸಿದ್ದಕ್ಕೂ ವ್ಯತ್ಯಾಸ ಆಯುಧಕ್ಕೆ ಗೊತ್ತಾಗುವುದಿಲ್ಲ. ಸಂಪರ್ಕ ಕಡಿದರೆ ತೆರೆಯುತ್ತದೆ ಎಂದಿಟ್ಟರೆ ಜ್ಯಾಮರ್ ಇದ್ದವನಿಗೆ ಅದೇ ಕೀಲಿಕೈ. ಸಂಪರ್ಕ ಕಡಿದರೆ ಮುಚ್ಚುತ್ತದೆ ಎಂದಿಟ್ಟರೆ ಜ್ಯಾಮರ್ ಇದ್ದವನು ಮಾಲೀಕನನ್ನು ನಿರಾಯುಧನನ್ನಾಗಿಸುತ್ತಾನೆ. ನಮ್ಮ ಶಿಫಾರಸು ಸ್ಪಷ್ಟ: ಈ ನಿರ್ಧಾರವನ್ನು ರೇಡಿಯೊಗೆ ಬಿಡಲೇಬೇಡಿ. ಹಿಡಿಯಲ್ಲೇ ಬೆರಳಚ್ಚು ಓದುವ ಸೆನ್ಸರ್ ಇಟ್ಟು, ಒಮ್ಮೆ ಗುರುತಿಸಿದ ಮೇಲೆ ಹಿಡಿತ ಸಡಿಲುವವರೆಗೆ ಬಿಚ್ಚಿರುವಂತೆ ಮಾಡಿದರೆ ಗಾಳಿಯಲ್ಲಿ ಹಾರುವ ಸಂಕೇತಕ್ಕೆ ಕೆಲಸವೇ ಇರುವುದಿಲ್ಲ. ಜೊತೆಗೆ ಯಾಂತ್ರಿಕ ಕೀಲಿಯೊಂದು ಇರಲಿ. ಒದ್ದೆ ಕೈ, ಕೈಗವಸು, ರಕ್ತ, ಮಣ್ಣು ಇದ್ದಾಗ ಬೆರಳಚ್ಚು ಸೋಲುತ್ತದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಹೇಳುತ್ತಿದ್ದೇವೆ.

ಬಂದೂಕು ಸಾಮಾನ್ಯದ್ದೇ, ಪೆಟ್ಟಿಗೆ ಮಾತ್ರ ಸ್ಮಾರ್ಟ್. ಅದಕ್ಕೂ ಅಪಾಯವೇ?

ಹೌದು. 2017ರ ಡಿಸೆಂಬರ್‌ನಲ್ಲಿ ಟೂ ಸಿಕ್ಸ್ ಲ್ಯಾಬ್ಸ್ ಸಂಶೋಧಕರು ವಾಲ್ಟೆಕ್ ವಿಟಿ20ಐ ಪೆಟ್ಟಿಗೆಯ ದೋಷಗಳನ್ನು ಪ್ರಕಟಿಸಿದರು. ಫೋನ್ ಆ್ಯಪ್ ಮತ್ತು ಪೆಟ್ಟಿಗೆಯ ನಡುವಿನ ಮಾತುಕತೆಗೆ ಎನ್‌ಕ್ರಿಪ್ಷನ್ ಇರಲಿಲ್ಲ. ಜೋಡಿಸಲು ಬಳಸುವ ಪಿನ್ ಸಂಖ್ಯೆಯೇ ಬೀಗ ತೆರೆಯುವ ಪಿನ್ ಆಗಿತ್ತು, ಎಷ್ಟು ಸಲ ತಪ್ಪು ಒತ್ತಿದರೂ ಆ್ಯಪ್‌ಗೆ ತಡೆಯಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಬ್ಲೂಟೂತ್ ಮೂಲಕ ಬಂದ ಪಿನ್ ಸರಿಯೋ ತಪ್ಪೋ ಎಂದು ಪೆಟ್ಟಿಗೆ ಪರಿಶೀಲಿಸುತ್ತಲೇ ಇರಲಿಲ್ಲ. ಆಕಾರ ಸರಿಯಾಗಿದ್ದ ಸಂದೇಶ ಬಂದರೆ ತೆರೆಯುತ್ತಿತ್ತು. ಪರಿಶೀಲನೆಯನ್ನು ಆ್ಯಪ್‌ನಲ್ಲಿ ಮಾಡಿ ಬೀಗದಲ್ಲಿ ಮಾಡದಿರುವ ಈ ತಪ್ಪು ಬೇರೆ ಸ್ಮಾರ್ಟ್ ಬೀಗಗಳಲ್ಲೂ ಕಾಣುತ್ತದೆ.

ಪೆಟ್ಟಿಗೆ ಇದ್ದವರು ಬ್ಲೂಟೂತ್ ಆಫ್ ಮಾಡುವ ಆಯ್ಕೆ ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಕೀಪ್ಯಾಡ್ ಮತ್ತು ಯಾಂತ್ರಿಕ ಕೀಲಿ ಸಾಕು.

ನಮ್ಮ ವ್ಯವಸ್ಥೆ ಇಂಟರ್‌ನೆಟ್‌ಗೆ ಜೋಡಿಸಿಯೇ ಇಲ್ಲ. ಇನ್ನೇನು ಚಿಂತೆ?

ಜೋಡಿಸಿಲ್ಲ ಎಂದು ನಂಬಿದ ವ್ಯವಸ್ಥೆಗಳ ಒಳಗೇ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ, ಏಕೆಂದರೆ ಅಲ್ಲಿ ಯಾರೂ ಬೀಗ ಹಾಕಿರುವುದಿಲ್ಲ. 2011ರಲ್ಲಿ ಅಮೆರಿಕದ ಕ್ರೀಚ್ ವಾಯುನೆಲೆಯಲ್ಲಿ ಡ್ರೋನ್ ನಡೆಸುವ ಕಂಪ್ಯೂಟರ್‌ಗಳಿಗೆ ಮಾಲ್‌ವೇರ್ (ದುರುದ್ದೇಶದ ತಂತ್ರಾಂಶ) ಹೊಕ್ಕಿತು. ಅವು ಸಾರ್ವಜನಿಕ ಇಂಟರ್‌ನೆಟ್‌ನಿಂದ ಬೇರೆಯಾಗಿದ್ದವು, ಸೋಂಕು ತಂದದ್ದು ನಕ್ಷೆ ಮತ್ತು ವಿಡಿಯೊ ಸಾಗಿಸುವ ಡ್ರೈವ್‌ಗಳು ಎಂಬ ಅನುಮಾನವಿತ್ತು.

ಒಳಗೆ ಹೊಕ್ಕ ಮೇಲೆ ತಡೆಯುವವರು ಕಡಿಮೆ. ಯುದ್ಧವಿಮಾನಗಳಲ್ಲಿ ವ್ಯಾಪಕವಾಗಿರುವ ಎಂಐಎಲ್-ಎಸ್‌ಟಿಡಿ-1553 ಬಸ್, ಅಂದರೆ ಒಳಗಿನ ಸಾಧನಗಳು ಸಂದೇಶ ಹಂಚಿಕೊಳ್ಳುವ ತಂತಿಜಾಲ, 1973ರ ವಿನ್ಯಾಸ. ಸಂದೇಶ ಕಳಿಸಿದ್ದು ಯಾರು ಎಂದು ಕೇಳುವ ವ್ಯವಸ್ಥೆ ಅದರಲ್ಲಿಲ್ಲ. ತಂತಿಯ ಮೇಲೆ ಬಂದದ್ದೆಲ್ಲ ನಂಬಿಕಸ್ತರದ್ದೇ ಎಂಬ ಕಾಲದ ಮಾನದಂಡ ಅದು.

ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2018ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯನ್ನು ಆಯುಧ ಖರೀದಿಸುವ ಪ್ರತಿಯೊಬ್ಬರೂ ಓದಬೇಕು. 2012ರಿಂದ 2017ರವರೆಗೆ ಅಭಿವೃದ್ಧಿಯ ಹಂತದಲ್ಲಿದ್ದು ಪರೀಕ್ಷೆಗೊಳಗಾದ ಬಹುತೇಕ ಎಲ್ಲ ಆಯುಧ ವ್ಯವಸ್ಥೆಗಳಲ್ಲೂ ಗಂಭೀರ ದೋಷಗಳು ಸಿಕ್ಕಿದ್ದವು. ಒಂದು ಕಡೆ ಇಬ್ಬರ ತಂಡ ಒಂದು ಗಂಟೆಯಲ್ಲಿ ಒಳಹೊಕ್ಕು ಒಂದು ದಿನದಲ್ಲಿ ಪೂರ್ತಿ ಹಿಡಿತ ಸಾಧಿಸಿತು. ಇನ್ನೊಂದು ಕಡೆ ಅಡ್ಮಿನ್ ಪಾಸ್‌ವರ್ಡ್ 9 ಸೆಕೆಂಡಿನಲ್ಲಿ ಊಹೆಗೆ ಸಿಕ್ಕಿತು. ಮತ್ತೊಂದರಲ್ಲಿ, ಹಿಂದೆ ಗುರುತಿಸಿದ 20 ದೋಷಗಳ ಪೈಕಿ ಸರಿಯಾಗಿದ್ದದ್ದು ಒಂದೇ ಒಂದು. ಈ ಕೊನೆಯ ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ದೋಷ ಹುಡುಕುವುದು ಬರುತ್ತದೆ, ಸರಿಪಡಿಸುವ ಹೊಣೆ ಯಾರದು ಎಂದು ಒಪ್ಪಂದದಲ್ಲಿ ಬರೆದಿರುವುದಿಲ್ಲ.

ಡ್ರೋನ್‌ಗಳ ಸಂಪರ್ಕ ಎಷ್ಟು ಭದ್ರ?

ವಿಡಿಯೊ ಬರುವ ದಾರಿ ಮತ್ತು ಆಜ್ಞೆ ಹೋಗುವ ದಾರಿಯನ್ನು ಬೇರೆ ಬೇರೆಯಾಗಿ ನೋಡಿ. 2009ರಲ್ಲಿ ಇರಾಕ್‌ನ ಬಂಡುಕೋರರು 26 ಡಾಲರಿನ ಸ್ಕೈಗ್ರ್ಯಾಬರ್ ತಂತ್ರಾಂಶ ಬಳಸಿ ಅಮೆರಿಕದ ಪ್ರಿಡೇಟರ್ ಡ್ರೋನ್‌ಗಳ ವಿಡಿಯೊ ನೋಡುತ್ತಿದ್ದದ್ದು ಬೆಳಕಿಗೆ ಬಂತು. ಆಜ್ಞೆಯ ದಾರಿ ಅವರಿಗೆ ಸಿಕ್ಕಿರಲಿಲ್ಲ, ವಿಡಿಯೊಗೆ ಎನ್‌ಕ್ರಿಪ್ಷನ್ ಇರಲಿಲ್ಲ ಅಷ್ಟೆ. ಶತ್ರು ಏನು ನೋಡುತ್ತಿದ್ದಾನೆ ಎಂದು ತಿಳಿದವನು ತಪ್ಪಿಸಿಕೊಳ್ಳಬಲ್ಲ.

ಅನೇಕ ಸಣ್ಣ ಡ್ರೋನ್‌ಗಳಲ್ಲಿ ಆಜ್ಞೆ ಸಾಗಿಸಲು ಬಳಕೆಯಲ್ಲಿರುವುದು ಮ್ಯಾವ್‌ಲಿಂಕ್ ಎಂಬ ಸಂದೇಶ ಪದ್ಧತಿ. ಅದರ ಮೊದಲ ಆವೃತ್ತಿಯಲ್ಲಿ ದೃಢೀಕರಣವೇ ಇಲ್ಲ. ಎರಡನೆಯದರಲ್ಲಿ ಸಂದೇಶ ಅಸಲಿ ಎಂದು ತೋರಿಸುವ 13 ಬೈಟ್‌ಗಳ ಸಹಿಯ ಭಾಗ ಸೇರಿಸಬಹುದು: ಲಿಂಕ್ ಗುರುತು 1 ಬೈಟ್, ಸಮಯಮುದ್ರೆ 6, ಸಹಿ 6. 32 ಬೈಟ್‌ಗಳ ಗುಟ್ಟಿನ ಕೀಲಿ ಮತ್ತು ಎಸ್‌ಎಚ್‌ಎ-256 ಎಂಬ ಲೆಕ್ಕವಿಧಾನದಿಂದ ಈ ಸಹಿ ಹುಟ್ಟುತ್ತದೆ. ಹಳೆಯ ಸಂದೇಶವನ್ನು ಮತ್ತೆ ಕಳಿಸುವ ದಾಳಿಯನ್ನು ಸಮಯಮುದ್ರೆ ತಡೆಯುತ್ತದೆ. ಎರಡು ಸಂಗತಿ ಮರೆಯಬೇಡಿ. ಸಹಿ ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಹೊಂದಿಸಬೇಕು, ಕೀಲಿಯನ್ನು ಯುಎಸ್‌ಬಿ ತಂತಿಯ ಮೂಲಕವೇ ಕೊಡಬೇಕು, ರೇಡಿಯೊ ಮೂಲಕ ಕಳಿಸಿದರೆ ಕೇಳುತ್ತಿದ್ದವರಿಗೂ ಕೊಟ್ಟಂತೆ. ಇನ್ನು, ಸಹಿ ಇದ್ದ ಮಾತ್ರಕ್ಕೆ ಸಂದೇಶ ಗುಟ್ಟಾಗುವುದಿಲ್ಲ. ಡ್ರೋನ್ ಎಲ್ಲಿದೆ ಎಂಬುದು ಕೇಳುವವರಿಗೆ ಕೇಳಿಸುತ್ತಲೇ ಇರುತ್ತದೆ. ಅದಕ್ಕೆ ಎನ್‌ಕ್ರಿಪ್ಷನ್ ಇರುವ ರೇಡಿಯೊ ಮಾಡ್ಯೂಲ್ ಪ್ರತ್ಯೇಕವಾಗಿ ಬೇಕು.

ನಡೆಸುವವರ ಜಾಗವೂ ಸೋರುತ್ತದೆ. ಚೀನಾದ ಡಿಜೆಐ ಕಂಪನಿಯ ಡ್ರೋನ್‌ಗಳು ಪ್ರಸಾರ ಮಾಡುವ ಡ್ರೋನ್‌ಐಡಿ ಸಂಕೇತದಲ್ಲಿ ಆಪರೇಟರ್ ನಿಂತ ಸ್ಥಳವೂ ಇರುತ್ತದೆ, ಅದಕ್ಕೆ ಎನ್‌ಕ್ರಿಪ್ಷನ್ ಇರಲಿಲ್ಲ ಎಂದು ಜರ್ಮನಿಯ ಬೋಹುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ವಿವರಿಸಿದರು.

ಜಿಪಿಎಸ್ ಅನ್ನು ನಂಬಬಹುದೇ?

ಒಂಟಿಯಾಗಿ ನಂಬಬಾರದು. ಸುಮಾರು 20,200 ಕಿಲೊಮೀಟರ್ ಮೇಲಿಂದ ಬರುವ ಸಂಕೇತ ನೆಲ ಮುಟ್ಟುವಾಗ ಹಿನ್ನೆಲೆಯ ಗದ್ದಲಕ್ಕಿಂತ ಕ್ಷೀಣವಾಗಿರುತ್ತದೆ, ಸಣ್ಣ ಟ್ರಾನ್ಸ್‌ಮಿಟರ್ ಕೂಡ ಅದನ್ನು ಮುಳುಗಿಸಬಲ್ಲದು. 2012ರ ಜೂನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ವೈಟ್ ಸ್ಯಾಂಡ್ಸ್‌ನಲ್ಲಿ ನಕಲಿ ಸಂಕೇತ ಕೊಟ್ಟು ಹಾರುತ್ತಿದ್ದ ಡ್ರೋನ್ ಕೆಳಗಿಳಿಯುವಂತೆ ಮಾಡಿ ತೋರಿಸಿತು. ಉಕ್ರೇನ್ ಯುದ್ಧದಲ್ಲಿ ಜಿಪಿಎಸ್ ನೆಚ್ಚಿದ ಎಕ್ಸ್‌ಕ್ಯಾಲಿಬರ್ ಫಿರಂಗಿ ಶೆಲ್‌ಗಳ ನಿಖರತೆ ರಷ್ಯಾದ ಜ್ಯಾಮಿಂಗ್‌ನಿಂದ ಕುಸಿದದ್ದು 2024ರಲ್ಲಿ ವರದಿಯಾಯಿತು. ಅದೇ ಜ್ಯಾಮಿಂಗ್‌ನಿಂದ ತಪ್ಪಿಸಿಕೊಳ್ಳಲು ಎರಡೂ ಕಡೆಯವರು ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚುತ್ತ ಹಾರುವ ಡ್ರೋನ್‌ಗಳಿಗೆ ಹೋದರು.

ತನ್ನ ಚಲನೆಯಿಂದಲೇ ಸ್ಥಾನ ಲೆಕ್ಕ ಹಾಕುವ ಜಡತ್ವ ಸೆನ್ಸರ್ ಹೇಳುವ ಸ್ಥಾನಕ್ಕೂ ಜಿಪಿಎಸ್ ಹೇಳುವ ಸ್ಥಾನಕ್ಕೂ ಅಂತರ ಮಿತಿ ಮೀರಿದರೆ ಜಿಪಿಎಸ್ ಬಿಡಬೇಕು, ಆಯುಧವಾಗಿದ್ದರೆ ದಾಳಿಯನ್ನೇ ಕೈಬಿಡಬೇಕು. ಜಿಪಿಎಸ್‌ನಂಥದ್ದೇ ಯುರೋಪಿನ ಉಪಗ್ರಹ ವ್ಯವಸ್ಥೆಯಾದ ಗೆಲಿಲಿಯೊ ತನ್ನ ನಾಗರಿಕ ಸಂಕೇತಕ್ಕೆ ಒಎಸ್‌ಎನ್‌ಎಂಎ ಎಂಬ ದೃಢೀಕರಣ ಸೇರಿಸಿರುವುದು ಒಳ್ಳೆಯ ಹೆಜ್ಜೆ, ಆದರೆ ಅಸಲಿ ಸಂಕೇತವನ್ನೇ ಹಿಡಿದು ತಡವಾಗಿ ಮರುಪ್ರಸಾರ ಮಾಡಿದರೆ ಅದೊಂದರಿಂದಲೇ ಪತ್ತೆಯಾಗದು.

ಫರ್ಮ್‌ವೇರ್ ಅಪ್‌ಡೇಟ್ ಹೇಗಿರಬೇಕು?

ಅಪ್‌ಡೇಟ್ ದಾರಿ ಇಲ್ಲದಿದ್ದರೆ ದೋಷ ಶಾಶ್ವತ. ದುರ್ಬಲ ಅಪ್‌ಡೇಟ್ ದಾರಿ ಇದ್ದರೆ ದಾಳಿಕೋರನಿಗೂ ಅದೇ ಹೆದ್ದಾರಿ. 2022ರ ಫೆಬ್ರುವರಿ 24ರಂದು ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಇಂಟರ್‌ನೆಟ್ ಜಾಲದ ಮೇಲೆ ಆದ ದಾಳಿಯಲ್ಲಿ ಹತ್ತಾರು ಸಾವಿರ ಮೋಡೆಮ್‌ಗಳು ಸತ್ತದ್ದು ನಿರ್ವಹಣೆಯ ಜಾಲಕ್ಕೆ ಹೊಕ್ಕು ಕಳಿಸಿದ ಆಜ್ಞೆಗಳಿಂದ.

ಸರಿಯಾದ ಕ್ರಮ ಹೀಗಿದೆ. ಅಪ್‌ಡೇಟ್ ಅಸಲಿ ಎಂದು ಡಿಜಿಟಲ್ ಸಹಿ ಹಾಕುವ ಖಾಸಗಿ ಕೀಲಿ ಯಾವ ಜಾಲಕ್ಕೂ ಸೇರದ ಯಂತ್ರಾಂಶದಲ್ಲಿರಲಿ, ಸಹಿಗೆ ಇಬ್ಬರ ಒಪ್ಪಿಗೆ ಬೇಕಿರಲಿ. ಆ ಸಹಿಯನ್ನು ಪರಿಶೀಲಿಸುವ ಸಾರ್ವಜನಿಕ ಕೀಲಿಯನ್ನು ಆಯುಧದ ಚಿಪ್‌ನಲ್ಲಿ ಅಳಿಸಲಾಗದಂತೆ ಅಚ್ಚೊತ್ತಿಡಿ. ಡೌನ್‌ಲೋಡ್ ಆದಾಗ ಒಮ್ಮೆ, ಸಾಧನ ಆನ್ ಆದಾಗಲೆಲ್ಲ ಮತ್ತೊಮ್ಮೆ ಸಹಿ ನೋಡಿ. ಆವೃತ್ತಿಯ ಎಣಿಕೆ ಮುಂದಕ್ಕೆ ಮಾತ್ರ ಹೋಗಲಿ. ಇಲ್ಲದಿದ್ದರೆ ಹಳೆಯ, ದೋಷವಿರುವ, ಆದರೆ ಸರಿಯಾದ ಸಹಿಯುಳ್ಳ ಫರ್ಮ್‌ವೇರನ್ನು ಮತ್ತೆ ತುಂಬಿಬಿಡುತ್ತಾರೆ. ಎರಡು ಜಾಗಗಳಲ್ಲಿ ಎರಡು ಆವೃತ್ತಿ ಇರಲಿ, ಹೊಸತು ಸ್ವಪರೀಕ್ಷೆಯಲ್ಲಿ ಸೋತರೆ ಒಮ್ಮೆ ಮಾತ್ರ ಹಳೆಯದಕ್ಕೆ ಮರಳಲಿ, ಎಣಿಕೆ ಏರುವುದು ಸ್ವಪರೀಕ್ಷೆ ಗೆದ್ದ ಮೇಲಷ್ಟೇ. ಗುಂಡು ತುಂಬಿದ್ದಾಗ, ಬ್ಯಾಟರಿ ಕಡಿಮೆಯಿದ್ದಾಗ ಅಪ್‌ಡೇಟ್ ಶುರುವಾಗಲೇಬಾರದು. ಶುರುಮಾಡಲು ಆಯುಧದ ಮೇಲಿನ ಗುಂಡಿ ಒತ್ತಿ ಹಿಡಿಯಬೇಕು.

ತಯಾರಿಕೆಯಲ್ಲಿ ಹೆಚ್ಚಾಗಿ ಎಡವುವುದು ಪರೀಕ್ಷೆಯ ಕೀಲಿಯನ್ನು ಮಾರಾಟದ ಆಯುಧದಲ್ಲೂ ಬಿಡುವುದರಲ್ಲಿ, ಚಿಪ್ ಪರೀಕ್ಷೆಗೆ ಬಳಸುವ ಜೆಟ್ಯಾಗ್ ಮತ್ತು ಸೀರಿಯಲ್ ಪೋರ್ಟ್ ಮುಚ್ಚದಿರುವುದರಲ್ಲಿ, ಎಲ್ಲ ಆಯುಧಗಳಿಗೂ ಒಂದೇ ಕೀಲಿ ಹಾಕುವುದರಲ್ಲಿ.

ಕಂಪನಿಯೇ ಮುಚ್ಚಿಹೋದರೆ?

ಬಂದೂಕು ಐವತ್ತು ವರ್ಷ ಬಾಳುತ್ತದೆ, ಅದರೊಳಗಿನ ಚಿಪ್‌ಗೆ ಬೆಂಬಲ ಹತ್ತು ವರ್ಷ ಸಿಕ್ಕರೆ ಹೆಚ್ಚು. ಟ್ರ್ಯಾಕಿಂಗ್‌ಪಾಯಿಂಟ್‌ನ ದೋಷ ಹೊರಬಂದ ವರ್ಷವೇ ಆ ಕಂಪನಿ ಹಣದ ಮುಗ್ಗಟ್ಟಿನಲ್ಲಿತ್ತು. ಖರೀದಿಯ ಒಪ್ಪಂದದಲ್ಲಿ ಬೆಂಬಲದ ಕೊನೆಯ ದಿನಾಂಕ ಬರೆಸಿ. ಮೂಲ ಕೋಡ್ ಮತ್ತು ಸಹಿಯ ಕೀಲಿ ಮೂರನೆಯವರ ಬಳಿ ಠೇವಣಿ ಇರಲಿ. ಸರ್ವರ್ ಇಲ್ಲದಿದ್ದರೂ ಆಯುಧ ಪೂರ್ತಿ ಕೆಲಸ ಮಾಡುತ್ತದೆಯೇ ಎಂದು ಸರ್ವರ್ ಕಡಿದು ನೋಡಿ. ಅಪ್‌ಡೇಟ್ ಸರ್ವರ್‌ನ ಡೊಮೈನ್ ಹೆಸರಿನ ಅವಧಿ ಮುಗಿದು ಇನ್ನೊಬ್ಬರು ಕೊಂಡರೆ ಎಲ್ಲ ಆಯುಧಗಳೂ ಅವರಿಗೇ ಕರೆ ಮಾಡುತ್ತವೆ, ಅದನ್ನು ತಡೆಯುವುದು ಮೇಲೆ ಹೇಳಿದ ಸಹಿ ಮಾತ್ರ.

ಖರೀದಿಗೆ ಮುನ್ನ ಏನು ಪರೀಕ್ಷಿಸಬೇಕು?

ಗುಂಡು ಖಾಲಿ ಮಾಡಿ, ಇಬ್ಬರು ಬೇರೆ ಬೇರೆಯಾಗಿ ನೋಡಿ ಖಚಿತಪಡಿಸಿದ ಮೇಲೆಯೇ ಶುರು ಮಾಡಿ. ಪರೀಕ್ಷೆಯ ಉದ್ದಕ್ಕೂ ಡಮ್ಮಿ ಗುಂಡು ಮಾತ್ರ. ರೇಡಿಯೊ ಪರೀಕ್ಷೆ ಲೋಹದ ಕವಚದ ಕೋಣೆಯಲ್ಲೇ ನಡೆಯಲಿ, ಹೊರಗೆ ಜ್ಯಾಮರ್ ಬಳಸುವುದು ಹೆಚ್ಚಿನ ದೇಶಗಳಲ್ಲಿ ಅಪರಾಧ.

ಮೊದಲು ಎಲ್ಲ ರೇಡಿಯೊಗಳ ಪಟ್ಟಿ ಮಾಡಿ, ಕೈಪಿಡಿಯಲ್ಲಿ ಹೇಳದ ಪ್ರಸಾರ ಇದೆಯೇ ಎಂದು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿ. ಒಂದೇ ಮಾದರಿಯ ಎರಡು ಆಯುಧ ತರಿಸಿ, ಎರಡರ ಡೀಫಾಲ್ಟ್ ಪಾಸ್‌ವರ್ಡ್ ಒಂದೇ ಇದ್ದರೆ ಅಲ್ಲೇ ತಿರಸ್ಕರಿಸಿ. ಒಂದರ ಫರ್ಮ್‌ವೇರ್ ಕೀಲಿ ಇನ್ನೊಂದನ್ನು ತೆರೆಯುತ್ತದೆಯೇ ನೋಡಿ. ಫರ್ಮ್‌ವೇರ್ ಕಡತದಲ್ಲಿ ಒಂದು ಬಿಟ್ ಬದಲಿಸಿ ತುಂಬಿಸಿ, ಆಯುಧ ಒಪ್ಪಿದರೆ ಸಹಿಯ ಪರಿಶೀಲನೆ ನಡೆಯುತ್ತಿಲ್ಲ ಎಂದರ್ಥ. ಅಪ್‌ಡೇಟ್ ನಡುವೆ ಬ್ಯಾಟರಿ ಕಿತ್ತು, ಮತ್ತೆ ಏಳುತ್ತದೆಯೇ ನೋಡಿ. ಬೀಗದ ಸುತ್ತ ಬಲವಾದ ಕಾಂತ ಆಡಿಸಿ. ಬ್ಯಾಟರಿಯ ವೋಲ್ಟೇಜ್ ನಿಧಾನ ಇಳಿಸುತ್ತ ಯಾವ ಹಂತದಲ್ಲಿ ಬೀಗ ಏನು ಮಾಡುತ್ತದೆ ಎಂದು ಬರೆದುಕೊಳ್ಳಿ. ಪೂರ್ತಿ ಸತ್ತ ಬ್ಯಾಟರಿಗಿಂತ ಅರ್ಧ ಸತ್ತ ಬ್ಯಾಟರಿಯೇ ಹೆಚ್ಚು ವಿಚಿತ್ರ ದೋಷಗಳನ್ನು ಹೊರಹಾಕುತ್ತದೆ.

ದಾಖಲೆಗಳನ್ನೂ ನೋಡಿ. ಎಷ್ಟು ಗುಂಡು, ಯಾವಾಗ, ಎಲ್ಲಿ ಎಂಬುದು ಒಳಗೆ ಉಳಿಯುತ್ತದೆಯೇ, ಫೋನಿಗೆ ಹೋಗುತ್ತದೆಯೇ? ವ್ಯಾಯಾಮದ ಆ್ಯಪ್ ಸ್ಟ್ರಾವಾ 2017ರ ನವೆಂಬರ್‌ನಲ್ಲಿ ಬಿಟ್ಟ ಚಟುವಟಿಕೆಯ ನಕ್ಷೆಯಿಂದ ಸೇನಾ ನೆಲೆಗಳ ಓಟದ ದಾರಿಗಳೇ ಬಯಲಾದವು ಎಂಬುದು 2018ರ ಜನವರಿಯಲ್ಲಿ ಗೊತ್ತಾಯಿತು. ಗುಂಡು ಹಾರಿದ ಜಾಗಗಳ ನಕ್ಷೆ ಅದಕ್ಕಿಂತ ಅಪಾಯಕಾರಿ.

ಈಗಾಗಲೇ ನನ್ನ ಬಳಿ ಇದೆ. ಇವತ್ತೇ ಏನು ಮಾಡಲಿ?

ರೇಡಿಯೊ ಆಫ್ ಮಾಡಿ, ಬೇಕಾದಾಗ ಮಾತ್ರ ಆನ್. ಪಾಸ್‌ವರ್ಡ್ ಬದಲಿಸಿ, ಬದಲಿಸಲು ಬಾರದಿದ್ದರೆ ಆ ರೇಡಿಯೊವನ್ನು ಮತ್ತೆಂದೂ ಆನ್ ಮಾಡಬೇಡಿ. ಫೋನಿನ ಆ್ಯಪ್‌ಗೆ ಸ್ಥಳದ ಅನುಮತಿ ತೆಗೆಯಿರಿ. ತಯಾರಕರ ಜಾಲತಾಣದಿಂದಲೇ ಅಪ್‌ಡೇಟ್ ಇಳಿಸಿ. ಹಾರಿಸುವ ಮುನ್ನ ಸ್ಕೋಪ್‌ನ ಸಂಖ್ಯೆಗಳನ್ನು ಕಾಗದದ ಕೋಷ್ಟಕದ ಜೊತೆ ಹೋಲಿಸಿ. ಎಲೆಕ್ಟ್ರಾನಿಕ್ ಬೀಗ ಇದ್ದರೂ ಸಾಮಾನ್ಯ ಬೀಗ ಬಿಡಬೇಡಿ, ಗುಂಡುಗಳನ್ನು ಬೇರೆ ಕಡೆ ಇಡಿ.

ದೋಷ ಕಂಡರೆ ಯಾರಿಗೆ ಹೇಳಬೇಕು?

ಮೊದಲು ತಯಾರಕರಿಗೆ, ಬರಹದಲ್ಲಿ, ಮಾದರಿ ಮತ್ತು ಫರ್ಮ್‌ವೇರ್ ಆವೃತ್ತಿ ಸಹಿತ. ಉತ್ತರ ಬರದಿದ್ದರೆ ನಿಮ್ಮ ದೇಶದ ಸಿಇಆರ್‌ಟಿ (ಕಂಪ್ಯೂಟರ್ ತುರ್ತು ಸ್ಪಂದನೆ) ತಂಡಕ್ಕೆ. ಪ್ರಕಟಿಸುವ ಮುನ್ನ 90 ದಿನ ಕಾಯುವುದು ರೂಢಿ, ಆದರೆ ಆಯುಧಗಳನ್ನು ವಾಪಸು ಕರೆಸಿ ಭಾಗ ಬದಲಿಸಬೇಕಾದಾಗ ಆ ಗಡುವು ಸಾಲುವುದಿಲ್ಲ, ಮಾತಾಡಿ ವಿಸ್ತರಿಸಿ. ಬೀಗ ತೆರೆಯುವ ದೋಷವಾಗಿದ್ದರೆ ಪೂರ್ತಿ ವಿಧಾನ ಬಿಡುಗಡೆ ಮಾಡದೆ, ಯಾವ ಮಾದರಿ, ಯಾವ ಆವೃತ್ತಿ, ಮಾಲೀಕರು ಸದ್ಯಕ್ಕೆ ಏನು ಆಫ್ ಮಾಡಬೇಕು ಎಂಬುದನ್ನು ಮಾತ್ರ ಮೊದಲು ತಿಳಿಸಿ.